ಗೋಡೆ ಹಾರುವ ಹುಡುಗಿಯರು

ಹೋದ ತಿಂಗಳು ನಂಜನಗೂಡಿನಲ್ಲಿ, ನಮ್ಮ ಬೀದಿಯ ಕೊನೆಗೆ, ಹೊಸದಾಗಿ ಒಂದು ಕ್ಲಿನಿಕ್ ಶುರುವಾಯಿತು. ಬಿಪಿ ತೋರಿಸಿಕೊಂಡು ಬರೋಣವೆಂದು ಬೆಳಿಗ್ಗೆ ಹೋದೆ. ಆಯಾ ಆಗಷ್ಟೇ ನೆಲ ಒರೆಸಿ ಮುಗಿಸಿದ್ದಳು. ಬಾಗಿಲು ದಾಟುತ್ತಿದ್ದಂತೆ ಫಿನಾಯಿಲ್ ವಾಸನೆ ಮೂಗಿಗೆ ಅಡರಿತು. ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಯಂತ್ರ ನೋಡಿ, "ಏನ್ ಮೇಡಂ, ಮನೇಲಿ ಯಾರ ಜೊತೆಗಾದ್ರೂ ಜಗಳ ಆಡ್ಕೊಂಡ್ ಬಂದ್ರಾ?" ಎಂದರು. ಇಲ್ಲ ಎಂದೆ. ಜಗಳ ಮನೆಯದಲ್ಲ. ಕೆಲವು ವರ್ಷಗಳ ಹಿಂದೆ ಟಿ. ನರಸೀಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಆದದ್ದು. ಇನ್ನೂ ಮುಗಿದಿಲ್ಲ, ಅಷ್ಟೇ.

ಕೊರೊನಾ ಕಳೆದು ಶಾಲೆಗಳು ಮತ್ತೆ ಪೂರ್ತಿ ತೆರೆದ ಕಾಲ ಅದು. ಆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು ನಿವೃತ್ತರಾಗಿದ್ದರು. ಬೇರೆಯವರು ಬರುವವರೆಗೆ ಒಂದು ವರ್ಷದ ಮಟ್ಟಿಗೆ ನನ್ನನ್ನು ಅಲ್ಲಿಗೆ ಹಾಕಿದರು. ನಂಜನಗೂಡಿನಿಂದ ನರಸೀಪುರಕ್ಕೆ ಬಸ್ಸು, ಅಲ್ಲಿಂದ ಸೋಮನಾಥಪುರದ ಕಡೆಯ ರಸ್ತೆಯಲ್ಲಿ ಷೇರ್ ಆಟೊ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ಈಗಲೂ ಮಕ್ಕಳು ಓದುತ್ತಿದ್ದಾರೆ. ನಾಲೆ ನೀರಿನ ಊರು, ಸುತ್ತ ಗದ್ದೆ ಬಯಲು. ಶಾಲೆಯ ಹಿಂದೆ ಕಾಂಪೌಂಡು, ಕಾಂಪೌಂಡಿಗೆ ಆತುಕೊಂಡಂತೆ ಒಂದೆರಡು ಮನೆ, ಆಮೇಲೆ ಕಣ್ಣು ಹಾಯುವಷ್ಟು ದೂರ ಕಬ್ಬು, ಭತ್ತ.

ಮೊದಲ ದಿನವೇ ಹೆಡ್‌ಮಾಸ್ಟರ್ ರಾಜಶೇಖರ್ ಶಾಲೆಯನ್ನೆಲ್ಲ ಸುತ್ತಾಡಿಸಿ ತೋರಿಸಿದರು. ಇಸ್ತ್ರಿ ಮುರಿಯದ ಬಿಳಿ ಅಂಗಿಯ, ದನಿ ಏರಿಸದ ಮನುಷ್ಯ. ಎಲ್ಲರಿಗಿಂತ ಮೊದಲು ಬರುತ್ತಿದ್ದರು, ಕೊನೆಗೆ ಹೋಗುತ್ತಿದ್ದರು. ಹೂವಿನ ಪಾತಿ ತೋರಿಸಿದರು. ಪಾತಿಯ ಅಂಚಿಗೆ ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ಜೋಡಿಸಿದ್ದರು. ಆಮೇಲೆ ಮೈದಾನದ ಮೂಲೆಯ ಹೊಸ ಕಟ್ಟಡದ ಮುಂದೆ ನಿಲ್ಲಿಸಿದರು. ಹೆಣ್ಣುಮಕ್ಕಳ ಶೌಚಾಲಯ. ಹಳೆಯದನ್ನು ಕೆಡವಿ, ಆ ಜಾಗದಲ್ಲಿ ಒಂದು ಕಂಪನಿಯವರು ಕಟ್ಟಿಸಿಕೊಟ್ಟದ್ದಂತೆ. ತಿಳಿನೀಲಿ ಟೈಲ್ಸು, ಉದ್ಘಾಟನೆಯ ಕಲ್ಲು, ಮೇಲೆ ಕಪ್ಪು ಬಣ್ಣದ ನೀರಿನ ಟ್ಯಾಂಕು. ಬಾಗಿಲಿಗೆ ಒಂದು ದಪ್ಪ ಬೀಗ. ಕಿಟಕಿಯ ಜಾಲರಿಯಿಂದ ಫಿನಾಯಿಲ್ ವಾಸನೆ ಘಮ್ಮೆಂದು ಬರುತ್ತಿತ್ತು.

"ಈ ತಾಲ್ಲೂಕಲ್ಲೇ ಇಂಥದ್ದು ಇಲ್ಲ ಮೇಡಂ," ಎಂದರು.

ಮಕ್ಕಳು ತರಗತಿಯಲ್ಲಿದ್ದಾರಲ್ಲ, ಅದಕ್ಕೇ ಬೀಗ ಇರಬೇಕು ಎಂದುಕೊಂಡೆ.

ಆ ವರ್ಷ ಮಕ್ಕಳ ನಡವಳಿಕೆ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಶಿಕ್ಷಕರು ಕೂತು ಯೋಚಿಸಬೇಕೆಂದು ಎಲ್ಲ ಕಡೆಯೂ ಮಾತಾಗುತ್ತಿತ್ತು. ಎರಡು ವರ್ಷ ಮನೆಯಲ್ಲಿ ಕೂತು ಬಂದ ಮಕ್ಕಳು, ಅವರನ್ನು ಅರ್ಥ ಮಾಡಿಕೊಳ್ಳಬೇಕು ಎಂದು ತರಬೇತಿಯೂ ನಡೆದಿತ್ತು. ನಮ್ಮಲ್ಲಿ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಸಭೆ. ಟೀ ಬರುತ್ತಿತ್ತು, ಬೋಂಡ ಬರುತ್ತಿತ್ತು. ಹೆಡ್‌ಮಾಸ್ಟರು ಒಬ್ಬೊಬ್ಬರನ್ನೇ ಕೇಳುತ್ತಿದ್ದರು: "ನಿಮ್ಮ ಕ್ಲಾಸಲ್ಲಿ ಸಮಸ್ಯೆ ಯಾರು?"

ಸಮಸ್ಯೆ ಏನು ಎಂದಲ್ಲ. ಯಾರು ಎಂದು.

ಆಮೇಲೆ ಹೆಸರುಗಳು ಬರುತ್ತಿದ್ದವು. ಇವಳು ಮೊಂಡಿ. ಅವಳಿಗೆ ಕೊಬ್ಬು. ಈ ಮೂವರು ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬೀಳುತ್ತಾರೆ, ಎಲ್ಲ ನಾಟಕ. ಮಧ್ಯಾಹ್ನದ ಮೇಲೆ ಹೆಣ್ಣುಮಕ್ಕಳ ಬೆಂಚು ಅರ್ಧ ಖಾಲಿ. ಹೊಟ್ಟೆನೋವು, ತಲೆನೋವು ಎಂದು ಮುಖ ಗಂಟಿಕ್ಕಿಕೊಂಡು ಕೂತಿರುತ್ತಾರೆ. ಪ್ರಶ್ನೆ ಕೇಳಿದರೆ ಸಿಡುಕುತ್ತಾರೆ, ತಮ್ಮತಮ್ಮಲ್ಲೇ ಜಗಳ. ಎಲ್ಲಕ್ಕೂ ಕಾರಣ ಒಂದೇ, ಮೊಬೈಲು. ಪಿ.ಟಿ. ಮಾಸ್ಟರ್ ಚಂದ್ರುಗೆ ಇನ್ನೊಂದು ಕಾರಣವೂ ಗೊತ್ತಿತ್ತು.

"ಊಟದ ಟೈಮಲ್ಲಿ ಹಿಂದಿನ ಕಾಂಪೌಂಡ್ ಹಾರಿ ಹೋಗ್ತಾರೆ ಸಾರ್. ಒಂದು ಗ್ಯಾಂಗೇ ಇದೆ. ಅದಕ್ಕೆ ಲೀಡರು ಆ ಹತ್ತನೇ ಕ್ಲಾಸ್ ಸಿಂಚನ. ನಾಲೆ ಕಡೆ ಯಾರ್ನ ನೋಡೋಕ್ ಹೋಗ್ತಾರೋ ದೇವರಿಗೇ ಗೊತ್ತು."

ಎಲ್ಲರೂ ತಲೆ ಆಡಿಸಿದರು. ಹಿಂದಿ ಹೇಳಿಕೊಡುತ್ತಿದ್ದ ಗಿರಿಜಾ ಮೇಡಂ ನನ್ನ ಕಡೆ ಬಾಗಿ, "ಆ ಹುಡುಗಿ ಕಾಲು ನೋಡಿದ್ದೀರಾ? ಖೊಖೊ ಆಡೋಳು. ಗೋಡೆ ಅವಳಿಗೆ ಯಾವ ಲೆಕ್ಕ!" ಎಂದರು. ಗಿರಿಜಾ ಮೇಡಂ ಆ ಶಾಲೆಗೆ ಬಂದು ಬಹಳ ವರ್ಷಗಳಾಗಿದ್ದವು. ನಮ್ಮಿಬ್ಬರಿಗೂ ಸ್ಟಾಫ್ ರೂಮಿನ ಪಕ್ಕದಲ್ಲೇ ಸಣ್ಣ ಶೌಚಾಲಯವಿತ್ತು. ಅದರ ಕೀ ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುತ್ತಿತ್ತು.

ಜುಲೈನಲ್ಲಿ ಜಡಿಮಳೆ ಹಿಡಿಯಿತು. ಕಿಟಕಿ ಮುಚ್ಚಿ, ಮಬ್ಬು ಬೆಳಕಿನಲ್ಲಿ ಹತ್ತನೇ ತರಗತಿಗೆ ವಿಸರ್ಜನೆಯ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಮೂತ್ರಪಿಂಡದ ಚಿತ್ರ ಬರೆದು, ನೀರು ಕಡಿಮೆ ಕುಡಿದರೆ, ಮೂತ್ರ ತಡೆದುಕೊಂಡರೆ ಸೋಂಕು ಆಗುತ್ತದೆ, ದಿನವೂ ಚೆನ್ನಾಗಿ ನೀರು ಕುಡಿಯಬೇಕು ಎಂದೆ. ಹುಡುಗಿಯರ ಕಡೆಯಿಂದ ಕಿಸಕ್ಕೆಂದು ನಗು ಕೇಳಿಸಿತು. ಕೊನೆಯ ಬೆಂಚಿನಲ್ಲಿ ಸಿಂಚನ ಎದ್ದು ನಿಂತಿದ್ದಳು.

"ಕುಡುದ್ರೆ ಎಲ್ಲಿಗ್ ಓಗದು ಮಿಸ್?"

ನಗು ನಿಂತಿತು. ಹುಡುಗರು ಪುಸ್ತಕದಲ್ಲಿ ಮುಖ ಹುದುಗಿಸಿದರು. ಸಿಂಚನಳ ಮುಖದಲ್ಲಿ ತುಂಟತನ ಹುಡುಕಿದೆ, ಇರಲಿಲ್ಲ. ಅವಳಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು.

ಅವತ್ತು ಊಟದ ಹೊತ್ತಿಗೆ ಹುಡುಗಿಯರನ್ನೆಲ್ಲ ಹೊಂಗೆ ಮರದ ಕೆಳಗೆ ಕೂರಿಸಿಕೊಂಡೆ. ಒಬ್ಬಳು ಶುರು ಮಾಡಿದ ಮೇಲೆ ಮಾತು ನಿಲ್ಲಲಿಲ್ಲ.

"ಬೆಳಿಗ್ಗೆ ಕಾಫಿನೂ ಕುಡಿಯಲ್ಲ ಮಿಸ್. ಕುಡುದ್ರೆ ಮೂರ್ನೇ ಪೀರಿಯಡ್‌ಗೆ ಕಷ್ಟ ಆಯ್ತದೆ."

"ಬಿಸಿಯೂಟದಲ್ಲಿ ಸಾಂಬಾರ್ ಆಕಿಸ್ಕೊಳಲ್ಲ. ಬರೀ ಅನ್ನ ತಿಂತೀವಿ."

"ಡೇಟ್ ಆದ್ರೆ ಇಸ್ಕೂಲ್‌ಗೇ ಬರಲ್ಲ. ಬಂದ್ರೂ ಊಟ ಆದ್ಮೇಲೆ ಮನೇಗ್ ಓಗ್ಬುಡ್ತೀವಿ."

"ಹೊಸದಿದೆಯಲ್ಲ?" ಎಂದೆ.

ಎಲ್ಲರೂ ನನ್ನನ್ನು ವಿಚಿತ್ರವಾಗಿ ನೋಡಿದರು. "ಅದು ನಮ್ಗೆ ಬೀಗ ತಗ್ಯಲ್ಲ ಮಿಸ್. ಉದ್ಘಾಟ್ನೆ ದಿವ್ಸ ಒಂದ್ಸಲ ತಗುದಿದ್ರು."

ಸಿಂಚನಳ ಪಕ್ಕ, ಅವಳ ವೇಲಿನ ತುದಿ ಹಿಡಿದು ಕೂತಿದ್ದ ಪುಟ್ಟ ಹುಡುಗಿ ಒಂಬತ್ತನೇ ತರಗತಿಯ ಪೂರ್ಣಿಮಾ. ತರಗತಿಯಲ್ಲಿ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ನೆಲ ನೋಡುತ್ತಲೇ ಅವಳು ಹೇಳಿದಳು: "ಸಿಂಚನಕ್ಕನ್ ಮನೆ ಗ್ವಾಡೆ ಇಂದೇನೇ ಐತಲ್ಲ ಮಿಸ್. ಅದ್ಕೇ ಆರಿ ಓಯ್ತೀವಿ. ಅವರವ್ವ ಏನೂ ಅನ್ನಲ್ಲ."

ಗ್ಯಾಂಗು ಎಂದರೆ ಅದು. ಶಾಲೆಯ ಹಿಂದಿನ ಮನೆಯ ಹಿತ್ತಿಲಲ್ಲಿ ಒಂದು ಶೌಚಾಲಯವಿದೆ, ಅದಕ್ಕೊಂದು ಬಾಗಿಲಿದೆ. ಆ ಮನೆಯ ಹುಡುಗಿ ದಿನವೂ ಊಟದ ಹೊತ್ತಿನಲ್ಲಿ ಮೊದಲು ತಾನು ಗೋಡೆ ಹತ್ತಿ, ಚಿಕ್ಕವರ ಕೈ ಹಿಡಿದು ಹತ್ತಿಸಿಕೊಂಡು, ಆ ಕಡೆ ಇಳಿಸಿ, ಎಲ್ಲರ ಸರದಿ ಮುಗಿದ ಮೇಲೆ ವಾಪಸ್ ಕರೆತರುತ್ತಿದ್ದಳು. ಸರದಿ ಉದ್ದವಾದ ದಿನ ಕೊನೆಯವರಿಗೆ ಬೆಲ್ಲು ತಪ್ಪುತ್ತಿತ್ತು. ತಪ್ಪಿದ ಮೇಲೆ ಬೈಗುಳಕ್ಕೆ ಹೆದರಿ ಮನೆಗೇ ಹೋಗುತ್ತಿದ್ದರು. ಒಂದು ಸಲ ನಾನೇ ಹೋಗಿ ನೋಡಿದೆ. ಸಿಂಚನಳ ತಾಯಿ ಜಯಮ್ಮ ಹಿತ್ತಿಲಲ್ಲಿ ಬಕೆಟ್ಟು ತುಂಬಿಟ್ಟುಕೊಂಡು, "ಬೇಗ್ ಬೇಗ ಬನ್ರವ್ವ, ಬೆಲ್ ಒಡುದ್ಬುಡ್ತಾರೆ," ಎಂದು ಒಬ್ಬೊಬ್ಬರನ್ನೇ ಒಳಗೆ ಕಳಿಸುತ್ತಿದ್ದಳು. ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಹೆಂಗಸು. ಕೈಯಲ್ಲಿದ್ದ ಕೆಲಸ ಬಿಟ್ಟು ಆ ಹೊತ್ತಿಗೆ ಅಲ್ಲಿ ಬಂದು ನಿಲ್ಲುತ್ತಿದ್ದಳು.

ಇದನ್ನೇ ನಾವು ಬೋಂಡ ತಿನ್ನುತ್ತಾ ಪ್ರೇಮ ಪ್ರಕರಣ ಎಂದು ಚರ್ಚಿಸಿದ್ದು.

ಹೆಡ್‌ಮಾಸ್ಟರ ಕೋಣೆಗೆ ಹೋದೆ. ಅವರು ಕೂರಿಸಿದರು, ಪೂರ್ತಿ ಕೇಳಿಸಿಕೊಂಡರು, ನಕ್ಕರು.

"ಮೇಡಂ, ನೀವು ಹೊಸಬರು. ಈ ಮಕ್ಕಳ ಕೈಗೆ ಕೊಟ್ರೆ ಒಂದ್ ವಾರಕ್ಕೆ ನಲ್ಲಿ ಮುರೀತಾರೆ, ಗೋಡೆ ಮೇಲೆ ಏನೇನೋ ಬರೀತಾರೆ. ಕಂಪನಿಯವರು ಯಾವತ್ತ್ ಬೇಕಾದ್ರೂ ನೋಡೋಕ್ ಬರಬಹುದು. ಅಲ್ದೆ ನೀರಿಂದೂ ತೊಂದ್ರೆ. ಟ್ಯಾಂಕಿಗೆ ಸರಿಯಾಗಿ ನೀರೇ ಏರಲ್ಲ."

"ಮಕ್ಕಳಿಗೆ ಅಂತ ಕಟ್ಟಿಸಿರೋದಲ್ವಾ ಸಾರ್?"

"ಮಕ್ಕಳಿಗೇನೇ. ಚೆನ್ನಾಗಿರಲಿ ಅಂತಾನೇ ಬೀಗ ಹಾಕಿರೋದು. ವಾರಕ್ಕೊಂದ್ಸಲ ಬಕೆಟ್ ನೀರಲ್ಲಿ ತೊಳೆಸಿ ಫಿನಾಯಿಲ್ ಹಾಕಿಸ್ತೀನಿ. ಬೇರೆ ಯಾವ ಶಾಲೇಲಿ ಇಷ್ಟು ಶುಚಿ ಇದೆ ಹೇಳಿ?"

ಯಾರೂ ಬಳಸದ ನೆಲಕ್ಕೆ ವಾರವಾರ ಫಿನಾಯಿಲ್. ಅವರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಕೆಟ್ಟವರ ಮೇಲೆ ಸಿಟ್ಟಾಗುವುದು ಸುಲಭ. ಇಷ್ಟು ಸಮಾಧಾನವಾಗಿ, ಇಷ್ಟು ಮರ್ಯಾದೆಯಿಂದ ಮಾತಾಡುವವರ ಎದುರು ಕೂತರೆ ಸಿಟ್ಟಿಗೆ ಹಿಡಿತವೇ ಸಿಗುವುದಿಲ್ಲ.

ಮುಂದಿನ ಶನಿವಾರ ಸಭೆಯಲ್ಲಿ ಎಲ್ಲರ ಮುಂದೆ ಹೇಳಿದೆ. ತಲೆ ಸುತ್ತುವುದು, ಸಿಡುಕುವುದು, ಗೋಡೆ ಹಾರುವುದು, ಮಧ್ಯಾಹ್ನದ ಖಾಲಿ ಬೆಂಚು, ಎಲ್ಲದರ ಬುಡ ಅಲ್ಲಿದೆ ಎಂದೆ. ಗಂಡಸರು ಫ್ಯಾನು ನೋಡಿದರು. ಚಂದ್ರು ಬಾಯಿಗೆ ಕರ್ಚೀಫು ಹಿಡಿದುಕೊಂಡು ನಗು ತಡೆದರು. ಹೆಡ್‌ಮಾಸ್ಟರು ಪೆನ್ನಿನ ಕ್ಯಾಪು ಹಾಕಿದರು.

"ಇದು ವರ್ತನೆಯ ವಿಷಯ ಅಲ್ಲ ಮೇಡಂ. ಇದು ಕಟ್ಟಡದ ವಿಷಯ. ಅದಕ್ಕೆ ಬೇರೆ ಮೀಟಿಂಗ್ ಇದೆ."

ಹೊರಗೆ ಬಂದಾಗ ಗಿರಿಜಾ ಮೇಡಂ ನನ್ನ ತೋಳು ಹಿಡಿದು, "ಸುಮ್ನೆ ಯಾಕೆ ಕೆಟ್ಟೋರಾಗ್ತೀರಿ? ನಾವೆಲ್ಲ ಹಾಗೇ ಓದ್ಕೊಂಡು ಬಂದಿಲ್ವಾ?" ಎಂದರು.

ನಾನು ಮೊಳೆಯಲ್ಲಿದ್ದ ಕೀ ತೆಗೆದು ಹುಡುಗಿಯರಿಗೆ ಕೊಡಲು ಶುರು ಮಾಡಿದೆ. ಸ್ಟಾಫ್ ರೂಮಿನ ಪಕ್ಕ ಸಾಲು ನಿಂತಿತು. ಗಲಾಟೆ, ಚಪ್ಪಲಿ ಸದ್ದು, ನಗು. ಕೆಲವೇ ದಿನಗಳಲ್ಲಿ ದೂರು ಹೋಯಿತು. ಒಂದು ಬೆಳಿಗ್ಗೆ ನೋಡಿದರೆ ಮೊಳೆ ಖಾಲಿ. ಕೀ ಹೆಡ್‌ಮಾಸ್ಟರ ಡ್ರಾಯರಿನಲ್ಲಿತ್ತು. ನನಗೆ, ಗಿರಿಜಾ ಮೇಡಂಗೆ ಬೇಕಾದಾಗ ಹೋಗಿ ಕೇಳಿ ಪಡೆಯಬೇಕು. ಒಬ್ಬ ಗಂಡಸಿನ ಮೇಜಿನ ಮುಂದೆ ನಿಂತು ಶೌಚಾಲಯದ ಕೀ ಕೇಳುವುದು ಹೇಗಿರುತ್ತದೆ ಎಂದು ಅವತ್ತು ಗಿರಿಜಾ ಮೇಡಂಗೂ ಗೊತ್ತಾಯಿತು. ಅವರು ನನ್ನ ಜೊತೆ ಮಾತು ಬಿಟ್ಟರು.

ಆಗಸ್ಟಿನಲ್ಲಿ ಬಯಲಲ್ಲಿ ನಾಟಿ ನಡೆಯುತ್ತಿತ್ತು. ಕಾಂಪೌಂಡಿನ ಆಚೆ ಹೆಂಗಸರು ಬಗ್ಗಿ ಪೈರು ನೆಡುತ್ತಿದ್ದರು, ಈಚೆ ಚಂದ್ರು ಮಾಸ್ಟರು ಹುಡುಗರ ಕೈಯಲ್ಲಿ ಸಿಮೆಂಟು ಕಲಸಿಸಿ ಗೋಡೆಯ ತಲೆಯ ಮೇಲೆ ಗಾಜಿನ ಚೂರು ನೆಡಿಸುತ್ತಿದ್ದರು. ಒಡೆದ ಬಾಟಲಿಗಳ ಹಸಿರು, ಕಂದು ಚೂರುಗಳು. ಶಿಸ್ತಿನ ಬಗ್ಗೆ ಶಾಲೆ ತೆಗೆದುಕೊಂಡ ಕ್ರಮ. ಎರಡನೆಯ ದಿನವೇ ಹುಡುಗಿಯರು ಅದರ ಮೇಲೆ ಗೋಣಿಚೀಲ ಮಡಿಸಿ ಹಾಕಿಕೊಂಡು ಹಾರಿದರು. ಹೆದರಿಕೆಯವರು ಹಾರುವುದನ್ನು ಬಿಟ್ಟರು. ಬಿಟ್ಟವರಲ್ಲಿ ಪೂರ್ಣಿಮಾ ಒಬ್ಬಳು.

ದಸರಾ ರಜೆಗೆ ಮುಂಚೆ ಮಧ್ಯವಾರ್ಷಿಕ ಪರೀಕ್ಷೆ. ಕಾಪಿ ಹೊಡೆಯಬಾರದೆಂದು ಒಂದೊಂದು ಬೆಂಚಿನಲ್ಲಿ ಒಂಬತ್ತನೆಯವರನ್ನೂ ಹತ್ತನೆಯವರನ್ನೂ ಬೆರೆಸಿ ಕೂರಿಸಿದ್ದರು. ಪೂರ್ಣಿಮಾ ಸಿಂಚನಳ ಬೆಂಚಿನಲ್ಲಿದ್ದಳು. ಆ ಕೋಣೆಗೆ ಚಂದ್ರು, ಪಕ್ಕದ ಕೋಣೆಗೆ ನಾನು. ನಡುವೆ ಇದ್ದದ್ದು ಮರದ ಹಲಗೆಯ ಅಡ್ಡಗೋಡೆ. ಎಲ್ಲ ಕೇಳಿಸುತ್ತಿತ್ತು.

"ಸಾ, ಒರಗೋಗ್ಬೇಕು ಸಾ."

"ಪರೀಕ್ಷೆ ಟೈಮಲ್ಲಿ ಯಾರೂ ಹೊರಗೆ ಹೋಗೋ ಹಾಗಿಲ್ಲ. ಕೂತ್ಕೊ."

ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದೇ ಸಣ್ಣ ದನಿ. "ಸಾ, ಅರ್ಜೆಂಟು ಸಾ."

"ಯಾವಾಗ್ಲೂ ಇದೇ ನೆಪ ನಿಮ್ದು. ಗೋಡೆ ಹಾರೋಕ್ ಆಗಲ್ವಲ್ಲ ಈಗ? ಬರಿ ಸುಮ್ನೆ."

ಯಾರೋ ನಕ್ಕರು. ನಾನು ನನ್ನ ಕೋಣೆಯ ಮಕ್ಕಳಿಗೆ ಅಲುಗಾಡಬೇಡಿ ಎಂದು ಹೇಳಿ ಆ ಕಡೆ ಹೊರಟೆ. ಬಾಗಿಲು ಮುಟ್ಟುವಷ್ಟರಲ್ಲಿ ತಡವಾಗಿತ್ತು. ಹುಡುಗರು ಕಾಲು ಮೇಲೆತ್ತಿಕೊಂಡಿದ್ದರು. ಪೂರ್ಣಿಮಾ ಪ್ರಶ್ನೆಪತ್ರಿಕೆಯನ್ನು ಎರಡೂ ಕೈಯಲ್ಲಿ ಮುಖಕ್ಕೆ ಹಿಡಿದುಕೊಂಡು ಕೂತಿದ್ದಳು. ಚಂದ್ರು, "ಛೆ, ಏನಿದು, ಇಷ್ಟು ದೊಡ್ಡೋಳಾಗಿ," ಎಂದರು.

ಸಿಂಚನ ಪೆನ್ನು ಮುಚ್ಚಿಟ್ಟಳು. ತನ್ನ ವೇಲು ತೆಗೆದು ಪೂರ್ಣಿಮಾಳ ತೊಡೆಯ ಮೇಲೆ ಹಾಕಿದಳು. ಯಾರನ್ನೂ ಕೇಳದೆ, ನನ್ನನ್ನು ದಾಟಿ ಹೊರಗೆ ಹೋದಳು. ಹೂವಿನ ಪಾತಿಯ ಅಂಚಿನಿಂದ ಸುಣ್ಣ ಬಳಿದ ಒಂದು ಕಲ್ಲು ಕಿತ್ತಳು, ಮೈದಾನದ ಮೂಲೆಗೆ ನಡೆದಳು. ಓಡಲಿಲ್ಲ. ಮೊದಲ ಏಟಿಗೆ ಕಲ್ಲು ಜಾರಿತು. ಆಮೇಲೆ ಎರಡೂ ಕೈಯಲ್ಲಿ ಎತ್ತಿ ಹಾಕಿದಳು, ಮತ್ತೆ ಎತ್ತಿ ಹಾಕಿದಳು. ಸದ್ದಿಗೆ ಇಡೀ ಶಾಲೆ ಕಿಟಕಿಗೆ ಬಂತು. ಬೀಗ ಒಡೆಯಲಿಲ್ಲ, ಅದನ್ನು ಹಿಡಿದಿದ್ದ ಕೊಂಡಿ ಕಿತ್ತು ಬಂತು. ನಾನು ಅವಳನ್ನು ತಡೆಯಬಹುದಿತ್ತು. ತಡೆಯಲಿಲ್ಲ. ಆ ವರ್ಷ ನಾನು ಮಾಡಿದ ಅತ್ಯಂತ ಸರಿಯಾದ ಕೆಲಸ ಅದೇ.

ಸಿಂಚನ ವಾಪಸ್ ಬಂದು, "ಬಾರೇ," ಎಂದು ಪೂರ್ಣಿಮಾಳ ಕೈ ಹಿಡಿದು ಕರೆದುಕೊಂಡು ಹೋದಳು. ನಾನೂ ಜೊತೆಗೆ ಹೋದೆ. ಒಳಗೆ ನಲ್ಲಿಗಳಿಗೆ ಅಂಗಡಿಯಿಂದ ಬರುವಾಗ ಸುತ್ತಿದ್ದ ಪ್ಲಾಸ್ಟಿಕ್ಕು ಹಾಗೇ ಇತ್ತು. ನೀರು ಏರುವುದಿಲ್ಲ ಎಂದಿದ್ದರಲ್ಲ, ಪ್ಲಾಸ್ಟಿಕ್ ಹರಿದು ತಿರುಗಿಸಿದೆ. ಭರ್ರೆಂದು ಬಂತು.

ಹೆಡ್‌ಮಾಸ್ಟರು ಓಡಿ ಬಂದಾಗ ಅವರ ಬಿಳಿ ಅಂಗಿ ಪ್ಯಾಂಟಿನಿಂದ ಹೊರಗೆ ಬಂದಿತ್ತು. "ಯಾರು? ಯಾರು ಒಡೆದಿದ್ದು ಇದನ್ನ?"

"ನಾನೇ ಸಾ," ಎಂದಳು ಸಿಂಚನ.

ಮರುದಿನ ಪರೀಕ್ಷೆ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ವಿಶೇಷ ಸಭೆ. ಸಿಂಚನಳಿಗೆ ಟಿ.ಸಿ. ಕೊಟ್ಟು ಕಳಿಸುವುದೆಂದು ಆಗಲೇ ಮಾತಾಗಿತ್ತು. ಅವಳ ಅಪ್ಪ ಪುಟ್ಟೇಗೌಡರು ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದರು, ಪಕ್ಕದಲ್ಲಿ ಜಯಮ್ಮ. ಹೆಡ್‌ಮಾಸ್ಟರು ಸಾರ್ವಜನಿಕ ಆಸ್ತಿ, ಶಿಸ್ತು, ಉಳಿದ ಮಕ್ಕಳ ಭವಿಷ್ಯ ಎಂದೆಲ್ಲ ಹೇಳಿ ಮುಗಿಸುತ್ತಿದ್ದಂತೆ ಪುಟ್ಟೇಗೌಡರು ಮಗಳ ಕಡೆ ತಿರುಗಿ ಕೈ ಎತ್ತಿದರು. "ನನ್ ಮರ್ವಾದೆ ತಗುದ್ಬುಟ್ಟಲ್ಲೇ..."

"ಎತ್ತಿದ್ ಕೈ ಇಳ್ಸಿ," ಎಂದಳು ಜಯಮ್ಮ. ಗಂಡನನ್ನು ನೋಡದೆ, ಹೆಡ್‌ಮಾಸ್ಟರನ್ನೇ ನೋಡುತ್ತಾ ಹೇಳಿದಳು. "ಏನ್ ಸಾ, ನನ್ ಮಗ್ಳು ಬೀಗ ಕಿತ್ತಾಕುದ್ಲು ಅಂತ ಕರ್ಸಿದ್ದೀರಿ. ನಿಮ್ ಇಸ್ಕೂಲ್ ಎಣ್ಣೈಕ್ಳು ದಿನಾ ಗ್ವಾಡೆ ಆರ್ಕಂಡು ನಮ್ಮನೆ ಇತ್ಲಿಗ್ ಬತ್ತಿದ್ದೊ. ನಾನು ಒಂದಿನಾನಾರ ನಿಮ್ಮನ್ನ ಕರ್ಸಿ ಕೇಳುದ್ನಾ?"

ಹೆಡ್‌ಮಾಸ್ಟರು, "ನೋಡಮ್ಮ, ಅದು ಬೇರೆ ವಿಷಯ," ಎಂದರು.

"ಯಾವ್ದು ಸಾ ಬ್ಯಾರೆ? ಆ ಮಗ ಪೂರ್ಣಿಮ ನೆನ್ನಿಂದ ಮಕ್ಕಂಡವ್ಳೆ, ಒಂದ್ ಅಗಳು ಅನ್ನ ತಿಂದಿಲ್ಲ. ಅದೂ ಬ್ಯಾರೆಯಾ?"

ನಾನು ಎದ್ದು ನಿಂತೆ. ತಯಾರಿ ಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು.

"ಜೂನ್‌ನಿಂದ ನಾವು ಈ ಮೇಜಿನ ಸುತ್ತ ಕೂತು ಮಕ್ಕಳ ಬಗ್ಗೆ ಯೋಚನೆ ಮಾಡ್ತಿದ್ದೀವಿ. ನಮ್ಮಲ್ಲಿ ಎಷ್ಟು ಜನ ಒಂದು ಹುಡುಗೀನ ಕರೆದು, ಯಾಕಮ್ಮ ತಲೆ ಸುತ್ತುತ್ತೆ, ಯಾಕಮ್ಮ ಗೋಡೆ ಹಾರ್ತೀಯ ಅಂತ ಕೇಳಿದ್ವಿ? ಮಕ್ಕಳ ವರ್ತನೆ ಅಂತೀರಿ. ನೆನ್ನೆ ಒಂದು ಮಗು ಎರಡು ಸಲ ಕೇಳ್ಕೊಳ್ತು. ಅದಕ್ಕೆ ನಾವು ಕೊಟ್ಟ ಉತ್ತರ ಇದೆಯಲ್ಲ, ಆ ವರ್ತನೆಗೆ ಯಾರಿಗೆ ಟಿ.ಸಿ. ಕೊಡ್ತೀರಿ?"

"ನನಗೇನ್ ಕನಸು ಬಿದ್ದಿತ್ತಾ ಮೇಡಂ?" ಎಂದರು ಚಂದ್ರು.

"ಕನಸು ಯಾಕ್ರೀ ಬೀಳ್ಬೇಕು? ಅವಳು ಬಾಯಿ ಬಿಟ್ಟು ಹೇಳಿದ್ಲಲ್ಲ!"

ಹಾಗೆಂದದ್ದು ನಾನಲ್ಲ. ಗಿರಿಜಾ ಮೇಡಂ. ಎರಡು ತಿಂಗಳಿಂದ ನನ್ನ ಮುಖ ನೋಡದಿದ್ದವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು, ಮುಖ ಕೆಂಪಾಗಿತ್ತು. "ನಾವೆಲ್ಲ ಹಾಗೇ ಓದಿದ್ದು ಅಂತ ನಾನೇ ಅಂದಿದ್ದೆ. ಹೌದು, ಹಾಗೇ ಓದಿದ್ದು. ಇವತ್ತಿಗೂ ಬಸ್ ಹತ್ತೋ ದಿನ ನಾನು ನೀರು ಕುಡಿಯಲ್ಲ. ಅದೊಂದು ಅಭ್ಯಾಸ ಆಗ್ಹೋಗಿದೆ. ವರ್ಷಕ್ಕೆ ನಾಲ್ಕು ಸಲ ಸೋಂಕು ಅಂತ ಮಾತ್ರೆ ನುಂಗ್ತೀನಿ. ಇವಳಿಗೆ ಟಿ.ಸಿ. ಕೊಡೋ ಹಾಗಿದ್ರೆ ಅದರ ಮೇಲೆ ನನ್ನ ಒಪ್ಪಿಗೆ ಇಲ್ಲ ಅಂತ ಬರ್ಕೊಳ್ಳಿ ಸಾರ್. ದೊಡ್ಡ ಅಕ್ಷರದಲ್ಲಿ ಬರ್ಕೊಳ್ಳಿ."

ಅಷ್ಟು ವರ್ಷದ ಸಹೋದ್ಯೋಗಿ. ಹೆಡ್‌ಮಾಸ್ಟರಿಗೆ ಅವರ ಮಾತನ್ನು ನನ್ನ ಮಾತಿನಂತೆ ಪಕ್ಕಕ್ಕಿಡಲು ಆಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಆಯಿತು, ಟಿ.ಸಿ. ಬೇಡ, ಹುಡುಗಿ ತಪ್ಪಾಯಿತೆಂದು ಬರೆದುಕೊಟ್ಟರೆ ಸಾಕು ಎಂದರು.

ಸಿಂಚನ ಮೊದಲ ಸಲ ಬಾಯಿ ಬಿಟ್ಟಳು. "ಬರ್ಕೊಡ್ತೀನಿ ಸಾ. ಪೂರ್ಣಿಮಂಗೆ ಯಾರ್ ಬರ್ಕೊಡ್ತೀರಿ?"

ಯಾರೂ ಕಾಗದ ಕೊಡಲಿಲ್ಲ. ಅವಳು ಬರೆಯಲೂ ಇಲ್ಲ.

ದಸರಾ ರಜೆ ಮುಗಿಸಿಕೊಂಡು ಬಂದಾಗ ಆ ಬಾಗಿಲಿಗೆ ಬೀಗವಿರಲಿಲ್ಲ. ಯಾರೂ ಏನೂ ಘೋಷಿಸಲಿಲ್ಲ, ಸುಮ್ಮನೆ ತೆರೆದಿತ್ತು. ಒಂದು ನಲ್ಲಿ ಮುರಿಯಿತು, ರಿಪೇರಿಯವನು ಬಂದು ಹಾಕಿ ಹೋದ. ಮಧ್ಯಾಹ್ನದ ಬೆಂಚುಗಳು ತುಂಬಿದವು. ಪ್ರಾರ್ಥನೆಯಲ್ಲಿ ಬೀಳುವವರು ಕಡಿಮೆಯಾದರು. ಹುಡುಗಿಯರು ಸಾಂಬಾರು ಹಾಕಿಸಿಕೊಂಡು ಉಂಡರು. ನವೆಂಬರಿನ ಒಂದು ಶನಿವಾರ ಚಂದ್ರು ಮಾಸ್ಟರು ಸಭೆಯಲ್ಲಿ, "ಗಾಜು ಹಾಕಿಸಿದ್ಮೇಲೆ ಗೋಡೆ ಹಾರೋದು ನಿಂತಿದೆ ಸಾರ್, ಡಿಸಿಪ್ಲಿನ್ ಬಂದಿದೆ," ಎಂದರು. ಹೆಡ್‌ಮಾಸ್ಟರು ಗುಡ್ ಎಂದರು. ನಾನು ಎದ್ದು ಹೊರಗೆ ಬಂದು ಮೈದಾನದಲ್ಲಿ ಎರಡು ಸುತ್ತು ಹಾಕಿದೆ. ಇಲ್ಲದಿದ್ದರೆ ಆ ಟೀ ಲೋಟ ಯಾರ ಮೇಲಾದರೂ ಬೀಳುತ್ತಿತ್ತು.

ಯಾಕೆಂದರೆ ಪೂರ್ಣಿಮಾ ಬಂದಿರಲಿಲ್ಲ. ರಜೆಯಲ್ಲಿ ಅವಳನ್ನು ತಾಂಡವಪುರದ ಅಜ್ಜಿಯ ಮನೆಗೆ ಕಳಿಸಿದ್ದರು. ಊರಿನ ಹುಡುಗರು ಅವಳಿಗೆ ಒಂದು ಹೆಸರಿಟ್ಟಿದ್ದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳ ಅಮ್ಮ ಬಂದು ಕೇಳಿದ ದಿನವೇ ಅವಳ ಟಿ.ಸಿ. ತಯಾರಾಯಿತು. ಕಲ್ಲು ಎತ್ತಿದವಳಿಗೆ ಕೊಡಬೇಕೆಂದಿದ್ದ ಟಿ.ಸಿ., ತುಟಿ ಕಚ್ಚಿಕೊಂಡು ಕೂತವಳಿಗೆ ಹೋಯಿತು. ಸಹಿ ಮಾಡುವಾಗ ಹೆಡ್‌ಮಾಸ್ಟರು, "ಪಾಪ, ಒಳ್ಳೆ ಹುಡುಗಿ. 'ನಡತೆ ಉತ್ತಮ' ಅಂತ ಹಾಕಿದ್ದೀನಿ," ಎಂದರು.

ಒಂದು ದಿನ ರಜೆ ಹಾಕಿ ತಾಂಡವಪುರಕ್ಕೆ ಹೋದೆ. ನಂಜನಗೂಡಿನಿಂದ ದೂರವೇನಲ್ಲ. ಅವರೆಕಾಯಿ ಕಾಲ. ಜಗುಲಿಯ ಮೇಲೆ ಅಜ್ಜಿ, ಮೊಮ್ಮಗಳು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಪೂರ್ಣಿಮಾ ನನ್ನನ್ನು ನೋಡಿ ಎದ್ದು ನಿಂತು, ಮತ್ತೆ ಕೂತು, ಬೇಗ ಬೇಗ ಸುಲಿಯತೊಡಗಿದಳು. ಟಿ.ಸಿ. ಒಳಗೆ ಪೆಟ್ಟಿಗೆಯಲ್ಲೇ ಇತ್ತು. ಯಾವ ಶಾಲೆಗೂ ಸೇರಿಸಿರಲಿಲ್ಲ.

"ಇಸ್ಕೂಲು ಅಂದ್ರೆ ಸಾಕು, ಒಳೀಕ್ ಓಗಿ ಮಕ್ಕತಾಳೆ ಮೇಡಮ್ಮೋರೆ," ಎಂದಳು ಅಜ್ಜಿ. "ಅವ್ರಪ್ಪ, ಓದ್ನಿಲ್ಲ ಅಂದ್ರೆ ಎರಡ್ ವರ್ಷ ಮನೇಲಿಟ್ಕಂಡು ಮದ್ವೆ ಮಾಡ್ಬುಡಾನ ಅಂತವ್ನೆ. ಎಂತಾ ಜಾಣೆ ಮಗ, ನೀವೇ ಒಂದ್ ಮಾತೇಳಿ."

ನಾನು ಜಗುಲಿಯ ಮೇಲೆ ಕೂತು ಒಂದು ಹಿಡಿ ಅವರೆಕಾಯಿ ತೆಗೆದುಕೊಂಡೆ. ಹತ್ತಿರದಲ್ಲೇ ಹೈಸ್ಕೂಲಿದೆ ಎಂದೆ. ಅಲ್ಲಿ ನಿನ್ನನ್ನು ಬಲ್ಲವರು ಯಾರೂ ಇಲ್ಲ, ನಡೆದದ್ದು ಯಾರಿಗೂ ಗೊತ್ತಿಲ್ಲ, ನಾನೇ ಬಂದು ಸೇರಿಸುತ್ತೇನೆ, ಲೆಕ್ಕ ವಿಜ್ಞಾನ ಹಿಂದೆ ಬಿದ್ದಿದ್ದರೆ ಭಾನುವಾರ ನಮ್ಮ ಮನೆಗೆ ಬಾ ಎಂದೆಲ್ಲ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿ ಕೇಳಿದಳು.

"ಅಲ್ಲಿ ಬಾಗ್ಲು ಒಳ್ಗಿಂದ ಆಕ್ಕೊಬೋದಾ ಮಿಸ್?"

ಹೌದು ಎನ್ನಲು ಬಾಯಿ ತೆರೆದೆ. ನನಗೆ ಗೊತ್ತಿರಲಿಲ್ಲ. ಶಾಲೆಯವರು ಗೊತ್ತಿಲ್ಲದೆ ಆಡುವ ಮಾತುಗಳನ್ನು ಆ ಹುಡುಗಿ ಸಾಕಷ್ಟು ಕೇಳಿದ್ದಳು. "ಇರು, ನೋಡ್ಕೊಂಡ್ ಬರ್ತೀನಿ," ಎಂದು ಎದ್ದೆ.

ಆ ಶಾಲೆಯ ಹೆಡ್‌ಮಿಸ್ಟ್ರೆಸ್ಸು ನನ್ನ ಮಾತು ಕೇಳಿ ಸ್ವಲ್ಪ ಗಾಬರಿಯಾದರು. ಸೀಟಿನ ವಿಷಯ, ಪುಸ್ತಕದ ವಿಷಯ ಕೇಳುತ್ತೀರೇನೋ ಎಂದುಕೊಂಡೆ ಎಂದರು. ಆದರೂ ಜೊತೆಗೆ ಬಂದು ತೋರಿಸಿದರು. ಹಳೆಯ ಕಟ್ಟಡ, ಹೊರಗೆ ಸಿಮೆಂಟಿನ ತೊಟ್ಟಿ, ಎರಡು ಬಾಗಿಲು. ಟೈಲ್ಸೂ ಇಲ್ಲ, ಏನೂ ಇಲ್ಲ. ನಾನು ಒಂದೊಂದಕ್ಕೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ, ಚಿಲಕ ಎಳೆದೆ, ಒಳಗಿಂದ ಭುಜ ಕೊಟ್ಟು ದಬ್ಬಿದೆ. ಆಯಾಳನ್ನು ಕರೆದು ಹೊರಗಿಂದಲೂ ದಬ್ಬಲು ಹೇಳಿದೆ. ಅವಳು ನಗುತ್ತಲೇ ದಬ್ಬಿದಳು. ಬಾಗಿಲು ಅಲುಗಲಿಲ್ಲ.

ವಾಪಸ್ ಬಂದಾಗ ಅವರೆಕಾಯಿ ಮುಗಿದಿತ್ತು. ಪೂರ್ಣಿಮಾ ಬೀದಿಯ ತಿರುವಿನವರೆಗೂ ಬಂದು ಕಾಯುತ್ತಿದ್ದಳು.

"ಎರಡಿದಾವೆ. ಎರಡಕ್ಕೂ ಒಳಗಿಂದ ಚಿಲಕ ಇದೆ. ಒಂದರದು ಸ್ವಲ್ಪ ಬಿಗಿ, ಜೋರಾಗಿ ಎಳೀಬೇಕು. ನಾನೇ ಹಾಕ್ಕೊಂಡು ನೋಡ್ದೆ," ಎಂದೆ.

"ಯಾವ್ದು ಬಿಗಿ ಮಿಸ್? ಎಡಗಡೇದಾ ಬಲಗಡೇದಾ?"

"ಎಡಗಡೇದು."

ಅವಳು ತಲೆ ಆಡಿಸಿ, ಪಾಠ ಗಟ್ಟಿ ಮಾಡುವವಳಂತೆ ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡಳು. ಒಂಬತ್ತನೇ ತರಗತಿಯ ಹುಡುಗಿ ತನ್ನ ಹೊಸ ಶಾಲೆಯ ಬಗ್ಗೆ ಕೇಳಿದ್ದು ಈ ಎರಡೇ ಪ್ರಶ್ನೆ. ಟೀಚರು ಹೇಗೆ, ಗೆಳತಿಯರು ಸಿಗುತ್ತಾರಾ, ಯೂನಿಫಾರ್ಮು ಯಾವ ಬಣ್ಣ, ಏನನ್ನೂ ಕೇಳಲಿಲ್ಲ. ಸೋಮವಾರ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ನನ್ನ ಜೊತೆ ಹೊರಟಳು.